ಟ್ಯಾಪೆಟ್ ಕವರ್ ಪ್ಯಾಕಿಂಗ್: ಮೂರು ಥರ ಹಾಕಿ ನೋಡಿದ ಮೇಲೆ

ನಮ್ಮ 2004ರ ಮಾರುತಿ 800 ಸಿಗ್ನಲ್‌ನಲ್ಲಿ ನಿಂತರೆ ಸಾಕು, ಸುಟ್ಟ ಆಯಿಲ್ ವಾಸನೆ ಒಳಗೆ ಬರುತ್ತಿತ್ತು. ಬಾನೆಟ್ ಎತ್ತಿ ನೋಡಿದರೆ ಟ್ಯಾಪೆಟ್ ಕವರ್ (ಇಂಜಿನ್ ಮೇಲಿನ ಮುಚ್ಚಳ) ಅಂಚಿನಿಂದ ಆಯಿಲ್ ಜಿನುಗಿ ಬಿಸಿ ಭಾಗಗಳ ಮೇಲೆ ಇಳಿಯುತ್ತಿದೆ. ಆ ಕವರ್ ಕೆಳಗೆ ಆಯಿಲ್ ಸೋರದಂತೆ ತಡೆಯುವ ರಬ್ಬರ್ ಪ್ಯಾಕಿಂಗ್ ಇಷ್ಟು ವರ್ಷ ಬಿಸಿ ತಿಂದು ಗಟ್ಟಿಯಾಗುವುದು ಸಹಜ, ಅಲ್ವಾ? ಸ್ಪ್ಯಾನರ್ ಹಿಡಿದು ಅಭ್ಯಾಸವೇ ಇಲ್ಲದ ನಾನು ಈ ಕೆಲಸಕ್ಕೆ ಕೈಹಾಕಿದ್ದು ಹೀಗೆ. ಎರಡು ವರ್ಷದಲ್ಲಿ ಮೂರು ಸಲ ಕವರ್ ಬಿಚ್ಚಿದೆ.

ಮೊದಲ ಸಲ ಹಳೆಯ ಪ್ಯಾಕಿಂಗನ್ನೇ ಇಟ್ಟು, ಸುತ್ತಲೂ ಸಿಲಿಕೋನ್ ಗಮ್ ಬಳಿದೆ. ಖರ್ಚು ಕಡಿಮೆ, ಕೆಲಸವೂ ಬೇಗ ಮುಗಿಯಿತು. ಕೆಲವು ತಿಂಗಳು ಸೋರಲೂ ಇಲ್ಲ. ಆದರೆ ಮತ್ತೆ ಬಿಚ್ಚಿದಾಗ ಗೊತ್ತಾಯಿತು ಇದರ ನಿಜವಾದ ಬೆಲೆ. ಹೊರಗೆ ಎಷ್ಟು ಗಮ್ ಉಕ್ಕಿತ್ತೋ ಒಳಗೂ ಅಷ್ಟೇ ಉಕ್ಕಿತ್ತು. ಶಾವಿಗೆ ಎಳೆಯಂತೆ ಅಂಚಿನಲ್ಲಿ ನೇತಾಡುತ್ತಿತ್ತು, ಬೆರಳು ತಾಗಿದರೆ ಕಳಚಿ ಬರುತ್ತಿತ್ತು. ಅದು ಆಯಿಲ್ ಜೊತೆ ಕೆಳಗಿಳಿದು ಪಂಪಿನ ಜಾಲರಿಗೆ ಸಿಕ್ಕಿಕೊಂಡರೆ ಇಂಜಿನ್‌ಗೇ ಆಯಿಲ್ ಸಿಗುವುದಿಲ್ಲ. ಅದನ್ನೆಲ್ಲ ಕೆರೆದು ತೆಗೆಯಲು ಒಂದು ಇಡೀ ಭಾನುವಾರ ಹೋಯಿತು. ಕವರ್ ಕೂರುವ ಇಂಜಿನ್ ಭಾಗ, ಅಂದರೆ ಹೆಡ್, ಅಲ್ಯೂಮಿನಿಯಂ; ಸ್ಕ್ರೂಡ್ರೈವರ್ ಹಾಕಿದರೆ ಗೀರು ಬೀಳುತ್ತದೆ. ಪ್ಲಾಸ್ಟಿಕ್ ತುಂಡಿನಿಂದಲೇ ಕೆರೆಯಬೇಕು, ಚೂರು ಒಳಗೆ ಬೀಳದಂತೆ ಬಟ್ಟೆ ಮುಚ್ಚಿರಬೇಕು.

ಎರಡನೆಯದು ಹೆಸರಿಲ್ಲದ ಅಗ್ಗದ ರಬ್ಬರ್ ಪ್ಯಾಕಿಂಗ್. ಕವರ್ ಅಂಚಿನ ಗ್ರೂವ್‌ನಲ್ಲಿ (ಸಣ್ಣ ಕಾಲುವೆಯಲ್ಲಿ) ಕೂರಿಸಿದರೆ ಒಂದು ಮೂಲೆ ಎದ್ದು ಬರುತ್ತಿತ್ತು. ಬೆರಳಿನಿಂದ ಒತ್ತಿ ಹಿಡಿದು ಕವರ್ ಮುಚ್ಚಿದೆ. ಅದೇ ಮೂಲೆಯಿಂದ ಸೋರಲು ಶುರುವಾಯಿತು. ಬೋಲ್ಟ್ ಇನ್ನಷ್ಟು ಬಿಗಿ ಮಾಡಿದೆ, ಸೋರುವುದು ಜಾಸ್ತಿಯಾಯಿತೇ ಹೊರತು ನಿಲ್ಲಲಿಲ್ಲ. ಜಾಸ್ತಿ ಬಿಗಿ ಮಾಡಿದರೆ ರಬ್ಬರ್ ಹಿಂಡಿ ಹೊರಗೆ ಸರಿಯುತ್ತದೆ, ಕವರ್ ಕೂಡ ಬಾಗುತ್ತದೆ.

ಮೂರನೆಯದು ಗಾಡಿ ಬಿಡಿಭಾಗಗಳ ಅಂಗಡಿಗಳಿರುವ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ತಂದ ಕಂಪನಿ ಪ್ಯಾಕಿಂಗ್, ಅಂದರೆ ಗಾಡಿ ಕಂಪನಿಯದೇ. ಬೆಲೆ ಜಾಸ್ತಿಯೇ. ಆದರೆ ಕೈಯಲ್ಲಿ ಹಿಡಿದ ಕೂಡಲೇ ವ್ಯತ್ಯಾಸ ಗೊತ್ತಾಗುತ್ತದೆ: ಮಡಚಿ ಬಿಟ್ಟರೆ ತಕ್ಷಣ ನೆಟ್ಟಗಾಗುತ್ತದೆ, ಗ್ರೂವ್‌ನಲ್ಲಿ ತಾನೇ ಕೂರುತ್ತದೆ. ಇಂಜಿನ್ ಪೂರ್ತಿ ತಣ್ಣಗಾದ ಮೇಲೆ ಕವರ್, ಹೆಡ್ ಎರಡೂ ಕಡೆ ಒಣಬಟ್ಟೆಯಿಂದ ಆಯಿಲ್ ಒಂದು ಹನಿಯೂ ಉಳಿಯದಂತೆ ಒರೆಸಿದೆ. ಈ ಸಲ ಗಮ್ ಹಚ್ಚಲೇ ಇಲ್ಲ. ಬೋಲ್ಟ್‌ಗಳನ್ನು ಮೊದಲು ಕೈಯಲ್ಲೇ ಕೂರಿಸಿ, ಆಮೇಲೆ ಸಣ್ಣ ಸ್ಪ್ಯಾನರ್‌ನಿಂದ ಸರದಿಯಲ್ಲಿ ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿದೆ. ಇವಕ್ಕೆ ಬೇಕಾದ ಬಿಗಿ ಬಹಳ ಕಡಿಮೆ. ಉದ್ದ ಹಿಡಿಯ ಸ್ಪ್ಯಾನರ್ ಮುಟ್ಟಲೇಬೇಡಿ, ಬೋಲ್ಟ್ ತುಂಡಾಗಿ ಹೆಡ್ ಒಳಗೇ ಉಳಿದುಬಿಡುತ್ತದೆ.

ಗಮ್ ಕೆಟ್ಟದ್ದು ಅಂತ ನಾನು ಹೇಳುವುದಿಲ್ಲ. ಕೆಲವು ಇಂಜಿನ್‌ಗಳಲ್ಲಿ ಹೆಡ್ ಮೇಲಿನ ಎರಡು ಭಾಗ ಸೇರುವ ಮೂಲೆಗೆ ಕಾಳಿನಷ್ಟು ಗಮ್ ಇಡಲು ಕಂಪನಿಯವರೇ ಹೇಳುತ್ತಾರೆ. ಕಾರ್ಕ್ ಪ್ಯಾಕಿಂಗ್ ಕೂಡ ಅಂಬಾಸಿಡರ್‌ನಂಥ ಹಳೆಯ ಗಾಡಿಗಳಿಗೆ ಸರಿಯಾದದ್ದೇ. ಆದರೆ ರಬ್ಬರ್ ಬರುವ ಗಾಡಿಗೆ, ಮೊದಲ ಸಲ ಕೈಹಾಕುವವರಿಗೆ, ಕಂಪನಿ ಪ್ಯಾಕಿಂಗನ್ನೇ ತನ್ನಿ ಎನ್ನುತ್ತೇನೆ. ಬೋಲ್ಟ್ ಕೆಳಗಿನ ರಬ್ಬರ್ ವಾಷರ್‌ಗಳನ್ನೂ ಜೊತೆಗೇ ಕೇಳಿ ತನ್ನಿ. ಅವು ಗಟ್ಟಿಯಾಗಿದ್ದರೆ ಹೊಸ ಪ್ಯಾಕಿಂಗ್ ಹಾಕಿದರೂ ಬೋಲ್ಟ್ ಬುಡದಿಂದಲೇ ಆಯಿಲ್ ಬರುತ್ತದೆ. ಅದೊಂದಕ್ಕಾಗಿ ನಾನು ಮತ್ತೆ ಜೆ.ಸಿ. ರಸ್ತೆಗೆ ಹೋಗಬೇಕಾಯಿತು.