ಹಳೆ ಹುಲಿಯನ್ನು ಕಳಿಸೋದಾ, ಜಾಗ ಬದಲಿಸೋದಾ?

ಎನ್‌ಎಫ್‌ಎಲ್ (ಅಮೆರಿಕದ ವೃತ್ತಿಪರ ಫುಟ್‌ಬಾಲ್ ಲೀಗ್) ತಂಡದಲ್ಲಿ ವಯಸ್ಸಾಗುತ್ತಿರುವ ಡಿಫೆನ್ಸಿವ್ ಲೈನ್‌ಮನ್, ಅಂದರೆ ಮುಂದಿನ ಸಾಲಲ್ಲಿ ನಿಂತು ಎದುರಾಳಿಯನ್ನು ತಡೆಯುವ ಆಟಗಾರ ಇದ್ದರೆ, ಅವನನ್ನು ಬೇರೆ ತಂಡಕ್ಕೆ ಕೊಡೋದಾ (ಟ್ರೇಡ್), ಮೈದಾನದಲ್ಲಿ ಬೇರೆ ಪಾತ್ರ ಕೊಡೋದಾ? ಮೊದಲು ದುಡ್ಡು ನೋಡಿ. ಟ್ರೇಡ್ ಮಾಡಿದರೆ ಮುಂದಿನ ಸಂಬಳ ಹೊಸ ತಂಡದ ತಲೆಗೆ. ಆದರೆ ಒಪ್ಪಂದಕ್ಕೆ ಸಹಿ ಹಾಕಿದಾಗ ಕೊಟ್ಟಾಗಿರುವ ಸೈನಿಂಗ್ ಬೋನಸ್‌ನಲ್ಲಿ ಲೆಕ್ಕಕ್ಕೆ ಬರಬೇಕಾದ ಬಾಕಿ ನಿಮ್ಮ ಸ್ಯಾಲರಿ ಕ್ಯಾಪ್‌ನಲ್ಲೇ (ಸಂಬಳಕ್ಕೆ ತಂಡಕ್ಕಿರುವ ಮಿತಿ) ಕೂರುತ್ತದೆ. ಆಳು ಹೋದ, ಸಾಲ ಉಳಿಯಿತು ಅನ್ನೋ ಹಾಗೆ! ಜಾಗ ಬದಲಿಸಿದರೆ ಈ ತಾಪತ್ರಯ ಇಲ್ಲ, ಆದರೆ ಪೂರ್ತಿ ಸಂಬಳ ನೀವೇ ಕೊಡಬೇಕು.

ಟ್ರೇಡ್‌ಗೆ ಸಮಯವೇ ಬೆಲೆ. 2009ರ ಸೆಪ್ಟೆಂಬರ್‌ನಲ್ಲಿ ಡಿಫೆನ್ಸಿವ್ ಲೈನ್‌ಮನ್ ರಿಚರ್ಡ್ ಸೀಮೋರ್ ಅವರಿಗೆ ಮೂವತ್ತು ತುಂಬಲು ಒಂದೇ ತಿಂಗಳಿತ್ತು. ಪೇಟ್ರಿಯಟ್ಸ್ ತಂಡ ಅವರನ್ನು ರೈಡರ್ಸ್ ತಂಡಕ್ಕೆ ಕೊಟ್ಟು 2011ರ ಮೊದಲ ಸುತ್ತಿನ ಪಿಕ್ (ಹೊಸ ಆಟಗಾರನನ್ನು ಆರಿಸುವ ಸರದಿ) ಪಡೆಯಿತು. ಇನ್ನೆರಡು ವರ್ಷ ಕಾದಿದ್ದರೆ ಅಷ್ಟು ಸಿಗುತ್ತಿರಲಿಲ್ಲ ಅನ್ನಿಸುತ್ತದೆ.

ಜಾಗ ಬದಲಿಸೋದು ಆಟಗಾರನ ಮೈ, ಮನಸ್ಸು ಎರಡಕ್ಕೂ ಒಗ್ಗಬೇಕು. ಜೂಲಿಯಸ್ ಪೆಪ್ಪರ್ಸ್ 34ನೇ ವಯಸ್ಸಿನಲ್ಲಿ ಗ್ರೀನ್ ಬೇ ತಂಡಕ್ಕೆ ಬಂದು, ಲೈನ್‌ಮನ್‌ನಂತೆ ನೆಲಕ್ಕೆ ಕೈ ಊರುವುದನ್ನು ಕಡಿಮೆ ಮಾಡಿ ಲೈನ್‌ಬ್ಯಾಕರ್ (ನಿಂತೇ ಆಡುವ ರಕ್ಷಣಾ ಆಟಗಾರ) ಆಗಿ ನಿಂತರು. 2015ರಲ್ಲಿ 10.5 ಸ್ಯಾಕ್ (ಚೆಂಡು ಎಸೆಯುವ ಮೊದಲೇ ಎದುರಾಳಿ ಕ್ವಾರ್ಟರ್‌ಬ್ಯಾಕನ್ನು ಕೆಡವುವುದು)! ಆದರೆ ಇನ್ನೊಬ್ಬ ಲೈನ್‌ಮನ್ ಆಲ್ಬರ್ಟ್ ಹೇನ್ಸ್‌ವರ್ತ್‌ಗೆ 2010ರಲ್ಲಿ ವಾಷಿಂಗ್ಟನ್ ತಂಡ ಕೊಟ್ಟ ಹೊಸ ಪಾತ್ರ ಹಿಡಿಸಲೇ ಇಲ್ಲ. ಮರುವರ್ಷ ಐದನೇ ಸುತ್ತಿನ ಪಿಕ್‌ಗೆ ಕಳಿಸಬೇಕಾಯಿತು.

ತಂಡ ಹೊಸದಾಗಿ ಕಟ್ಟುತ್ತಿದ್ದರೆ, ಪಿಕ್ ಚೆನ್ನಾಗಿದ್ದರೆ ಟ್ರೇಡ್. ಈ ವರ್ಷವೇ ಗೆಲ್ಲಬೇಕು, ಆಟಗಾರನೂ ಒಪ್ಪಿದ್ದಾನೆ ಅಂದ್ರೆ ಪಾತ್ರ ಬದಲಿಸಿ. ಕೇಳದೆ ಮಾತ್ರ ಬದಲಿಸಬೇಡಿ.