ಮೀಟರ್ ಮಂಕಾಗಿದೆ ಎಂದು ಕ್ಲಸ್ಟರ್ ಬದಲಿಸಲು ಒಪ್ಪಬೇಡಿ

ಕಾರಿನ ಮೀಟರ್ ಹಗಲಿನಲ್ಲಿ ಮಂಕಾಗಿ ಕಂಡರೆ, ಸ್ಟೀರಿಯೊ ಪರದೆ ರಾತ್ರಿ ಕಣ್ಣು ಕುಕ್ಕಿದರೆ, ಯಾರೋ 'ಕ್ಲಸ್ಟರ್ (ಮೀಟರುಗಳ ಇಡೀ ಫಲಕ) ಹೋಗಿದೆ' ಎಂದ ಮಾತ್ರಕ್ಕೆ ಮುಂಗಡ ಕೊಡಬೇಡಿ. ಮೈಸೂರಿನ ಒಂದು ವರ್ಕ್‌ಶಾಪಿನಲ್ಲಿ ನಮ್ಮಿಂದ ಹೀಗೆಯೇ ಹಣ ಕಿತ್ತುಕೊಂಡರು. ಕ್ಲಸ್ಟರಿಗೆ ಏನೂ ಆಗಿರಲಿಲ್ಲ.

ನಮ್ಮ ಮನೆ ಮಂಡ್ಯದಲ್ಲಿ, ನನ್ನ ಕೆಲಸ ಮೈಸೂರಿನಲ್ಲಿ. ವಾರಂಟಿ ಮುಗಿದಿದ್ದ ಕಾರಿಗೆ ಅಲಂಕಾರದ ಸಾಮಾನು ಮಾರುವ ಅಂಗಡಿಯೊಂದರಲ್ಲಿ ಡ್ಯಾಶ್‌ಬೋರ್ಡ್ ಮ್ಯಾಟ್ ಹಾಸಿಸಿ, ಹೊಸ ಆಂಡ್ರಾಯ್ಡ್ ಸ್ಟೀರಿಯೊ ಕೂರಿಸಿದೆವು. ತೊಂದರೆ ಶುರುವಾಗಿದ್ದು ಆಮೇಲೆ. ನಡುಮಧ್ಯಾಹ್ನದ ಬಿಸಿಲಿನಲ್ಲಿ ವೇಗ ತೋರಿಸುವ ಅಂಕಿಯೇ ಕಾಣುತ್ತಿರಲಿಲ್ಲ. ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಕಾರಿಗೆ ಗಂಟೆಗೆ 100 ಕಿಲೋಮೀಟರ್ ಮಿತಿ, ಮೇಲೆ ಕ್ಯಾಮೆರಾಗಳ ಕಣ್ಗಾವಲು. ಅಂಥ ರಸ್ತೆಯಲ್ಲಿ ಎಷ್ಟು ವೇಗದಲ್ಲಿದ್ದೇನೆ ಎಂದು ತಿಳಿಯದೆ ಓಡಿಸುವುದು ದಂಡದ ಭಯಕ್ಕಿಂತ ದೊಡ್ಡ ಆತಂಕ.

ವರ್ಕ್‌ಶಾಪಿನವರು ಕಾರನ್ನು ಶೆಡ್ಡಿನ ನೆರಳಿಗೆ ತಳ್ಳಿ, ಇಗ್ನಿಷನ್ ಹಾಕಿ ಒಂದು ಸಲ ನೋಡಿದರು. "ಮೀಟರಿನ ಒಳಗಿನ ಬ್ಯಾಕ್‌ಲೈಟ್ ಹೋಗಿದೆ, ರಿಪೇರಿ ಆಗುವುದಿಲ್ಲ, ಪೂರ್ತಿ ಕ್ಲಸ್ಟರ್ ಬದಲಿಸಬೇಕು, 26,000 ರೂಪಾಯಿ" ಎಂದರು. 8,000 ಮುಂಗಡ, ಬಿಚ್ಚಿ ನೋಡಿದ್ದಕ್ಕೆ ಬೇರೆ ಕೂಲಿ. ಕಾರು ಕೈಗೆ ಬಂದಾಗ ಮೀಟರ್ ಹಾಗೆಯೇ ಮಂಕು. ಜೊತೆಗೆ ಸ್ಟೀರಿಂಗ್ ಸುತ್ತಲಿನ ಪ್ಲಾಸ್ಟಿಕ್ ಪಟ್ಟಿಯ ಕ್ಲಿಪ್ ಮುರಿದು, ಉಬ್ಬು ಹತ್ತಿಳಿದಾಗಲೆಲ್ಲ ಕಟಕಟ ಸದ್ದು.

ಹೊಸ ಕ್ಲಸ್ಟರ್ ಬರುವುದರೊಳಗೆ ಹಾರ್ನ್ ಕೆಟ್ಟಿತೆಂದು ಮಂಡ್ಯದಲ್ಲಿ ಹಿರಿಯ ಆಟೋ ಎಲೆಕ್ಟ್ರಿಷಿಯನ್ ಒಬ್ಬರ ಬಳಿ ಹೋದೆ. ಅವರು ಹಾರ್ನ್ ಮುಟ್ಟುವ ಮೊದಲೇ ಕೇಳಿದರು: "ಯಾಕೆ ತಾಯಿ, ಹಾಡಹಗಲಲ್ಲಿ ಹೆಡ್‌ಲೈಟ್ ಹಾಕಿಕೊಂಡು ಬಂದಿದ್ದೀರಿ?" ನಾನು ಹಾಕಿರಲಿಲ್ಲ, ಲೈಟಿನ ಸ್ವಿಚ್ 'ಆಟೋ'ದಲ್ಲಿತ್ತು, ಅಂದರೆ ಕತ್ತಲಾದರೆ ತಾನಾಗಿ ಹೊತ್ತುವ ಸ್ಥಾನದಲ್ಲಿ. ಅವರು ಗಾಜಿನ ಬುಡಕ್ಕೆ ಕೈ ಚಾಚಿ ಮ್ಯಾಟಿನ ಅಂಚನ್ನು ಮಡಚಿದರು. ಅದರಡಿಯಲ್ಲಿ ಬಟಾಣಿ ಗಾತ್ರದ ಒಂದು ಕಪ್ಪು ಗುಬುಟು. ಕೆಲವು ಕ್ಷಣ ಕಳೆಯಿತು, ಎದುರು ಗೋಡೆಯ ಮೇಲಿನ ಬೆಳಕು ಆರಿತು, ಮೀಟರಿನ ಅಂಕಿಗಳು ಬೆಳ್ಳಗೆ ಎದ್ದು ಬಂದವು.

ಆ ಗುಬುಟೇ ಬೆಳಕನ್ನು ಅಳೆಯುವ ಸೆನ್ಸರ್. ಅದರ ಮೇಲೆ ಮ್ಯಾಟ್ ಹಾಸಿದರೆ ಕಾರಿಗೆ ಸದಾ ರಾತ್ರಿ. ತಾನಾಗಿ ಹೆಡ್‌ಲೈಟ್ ಹೊತ್ತಿಸುತ್ತದೆ, ರಾತ್ರಿ ಕಣ್ಣಿಗೆ ಹಿತವಾಗಲೆಂದು ಮೀಟರಿನ ಬೆಳಕನ್ನು ತಗ್ಗಿಸುತ್ತದೆ. ಸೇತುವೆಯ ನೆರಳು ದಾಟುವಾಗೆಲ್ಲ ದೀಪ ಮಿಣುಕಬಾರದೆಂದು ಸ್ವಲ್ಪ ತಡಮಾಡಿ ಪ್ರತಿಕ್ರಿಯಿಸುವಂತೆ ಅದನ್ನು ಮಾಡಿರುತ್ತಾರೆ. ಆದ್ದರಿಂದ ಪರೀಕ್ಷಿಸುವಾಗ ಆತುರ ಬೇಡ. ಬಿಸಿಲಿನಲ್ಲಿ ಕಾರು ನಿಲ್ಲಿಸಿ, ಸ್ವಿಚ್ ಆಟೋದಲ್ಲಿಟ್ಟು, ಸೆನ್ಸರಿನ ಮೇಲೆ ದಪ್ಪ ಬಟ್ಟೆ ಮುಚ್ಚಿ ಕಾಯಿರಿ. ಹೆಡ್‌ಲೈಟಿನ ಹಸಿರು ಗುರುತು ಹೊತ್ತಿ ಮೀಟರ್ ಮಂಕಾಗಿ, ಬಟ್ಟೆ ತೆಗೆದ ಮೇಲೆ ಮತ್ತೆ ಸರಿಹೋದರೆ ಸೆನ್ಸರೂ ಚೆನ್ನಾಗಿದೆ, ಮೀಟರೂ ಚೆನ್ನಾಗಿದೆ. ಕೆಲವು ಕಾರುಗಳಲ್ಲಿ ಅಲ್ಲೇ ಎಸಿಗೆ ಬಿಸಿಲು ಅಳೆಯುವ ಇನ್ನೊಂದು ಗುಬುಟು ಇರುತ್ತದೆ, ಎರಡನ್ನೂ ಮುಚ್ಚಿ ನೋಡಿ. ಇನ್ನು ಕೆಲವದರಲ್ಲಿ ಸೆನ್ಸರ್ ಹಿನ್ನೋಟದ ಕನ್ನಡಿಯ ಹಿಂದೆ, ಗಾಜಿಗೆ ಅಂಟಿಕೊಂಡಿರುತ್ತದೆ. ಅಲ್ಲಿ ಫಾಸ್ಟ್ಯಾಗ್ ಚೀಟಿ ಅದರ ಕಣ್ಣಿಗೆ ಅಡ್ಡ ಬಂದಿದೆಯೇ ಎಂದು ನೋಡಬೇಕು. ಡ್ಯಾಶ್‌ಬೋರ್ಡಿನ ಮೇಲೆ ಗಣಪತಿಯನ್ನು ಕೂರಿಸುವವರು ಜಾಗ ನೋಡಿ ಕೂರಿಸಿ.

ಸೆನ್ಸರ್ ಇಲ್ಲದ ಕಾರಾದರೆ ಪಾರ್ಕಿಂಗ್ ಲೈಟ್ ಹಾಕಿ, ಬೆಳಕು ಹೆಚ್ಚುಕಡಿಮೆ ಮಾಡುವ ತಿರುಗಣೆಯನ್ನು ಅಥವಾ ಪರದೆಯ ಸೆಟ್ಟಿಂಗನ್ನು ನೋಡಿ. ಅನೇಕ ಕಾರುಗಳಲ್ಲಿ ಆ ತಿರುಗಣೆ ಲೈಟ್ ಹಾಕಿದಾಗ ಮಾತ್ರ ಕೆಲಸ ಮಾಡುತ್ತದೆ.

ಸ್ಟೀರಿಯೊ ವಿಷಯ ಇದಕ್ಕಿಂತ ಅಪಾಯದ್ದು. ಸ್ಟೀರಿಯೊ ಹಿಂದಿನ ವೈರುಗಳಲ್ಲಿ ಇಲ್ಯುಮಿನೇಷನ್ ವೈರ್ ಎಂದು ಒಂದಿದೆ, ಸಾಮಾನ್ಯವಾಗಿ ಕಿತ್ತಳೆ ಬಣ್ಣದ್ದು. ಪಾರ್ಕಿಂಗ್ ಲೈಟ್ ಹೊತ್ತಿದಾಗ ಅದಕ್ಕೆ 12 ವೋಲ್ಟ್ ಬಂದರೆ ಪರದೆ ರಾತ್ರಿಯ ಬೆಳಕಿಗೆ ಇಳಿಯುತ್ತದೆ. ನಮ್ಮ ಕಾರಿನಲ್ಲಿ ಅದರ ತುದಿಗೆ ಟೇಪ್ ಸುತ್ತಿ ಹಾಗೆಯೇ ಬಿಟ್ಟಿದ್ದರು. ಕತ್ತಲೆಗೆ ಹೊಂದಿಕೊಂಡ ಕಣ್ಣು ಪ್ರಖರ ಬೆಳಕು ಕಂಡರೆ, ಪೂರ್ತಿ ಮತ್ತೆ ಹೊಂದಿಕೊಳ್ಳಲು 20ರಿಂದ 30 ನಿಮಿಷ ಬೇಕಾಗಬಹುದು. ಕಬ್ಬು ಅರೆಯುವ ಕಾಲದಲ್ಲಿ ಪಾಂಡವಪುರದ ಕಡೆ ರಾತ್ರಿ ಓಡಿಸಿದವರಿಗೆ ಗೊತ್ತು: ಹಿಂದೆ ಒಂದು ಕೆಂಪು ದೀಪವೂ ಇಲ್ಲದೆ, ರಸ್ತೆಯ ಅರ್ಧ ತುಂಬಿಕೊಂಡು ಹೋಗುವ ಕಬ್ಬಿನ ಟ್ರ್ಯಾಕ್ಟರ್, ಎತ್ತಿನಗಾಡಿ. ಅವು ಕಾಣಬೇಕಾದ ಕಣ್ಣಿಗೆ ಮಗ್ಗುಲಲ್ಲೇ ಪರದೆ ಝಗಝಗಿಸುತ್ತಿತ್ತು. ಮ್ಯಾಟಿಗೆ ತೂತು ಮಾಡದೆ ಹಾಸಿದ್ದನ್ನಾದರೂ ಕ್ಷಮಿಸಬಹುದು, ಈ ವೈರನ್ನು ಜೋಡಿಸದೆ ಬಿಟ್ಟದ್ದನ್ನು ನಾನು ಕ್ಷಮಿಸಲಾರೆ. ಸ್ಟೀರಿಯೊ ಹಾಕಿಸಿದರೆ ಅಂಗಡಿ ಬಿಡುವ ಮೊದಲು ಲೈಟ್ ಹಾಕಿಸಿ, ಪರದೆ ತಗ್ಗುತ್ತದೆಯೇ ನೋಡಿ.

ಕ್ಲಸ್ಟರ್ ನಿಜವಾಗಿಯೂ ಕೆಡುವುದುಂಟು. ಆಗಲೂ ಬಿಚ್ಚುವ ಮೊದಲು ಓಡೋಮೀಟರಿನ ಫೋಟೋ ತೆಗೆದುಕೊಳ್ಳಿ, ಬದಲಿಸಿದ ಬಿಲ್ಲಿನಲ್ಲಿ ಹಳೆಯ ಕಿಲೋಮೀಟರ್ ಬರೆಸಿಕೊಳ್ಳಿ. ಅದಿಲ್ಲದಿದ್ದರೆ ಮುಂದೆ ಕಾರು ಮಾರುವಾಗ ಮೀಟರ್ ತಿರುಗಿಸಿದವರೆಂಬ ಅನುಮಾನ ನಿಮ್ಮ ಮೇಲೆಯೇ ಬರುತ್ತದೆ.

ವರ್ಕ್‌ಶಾಪಿನವರು ಮುಂಗಡವನ್ನು 'ಆರ್ಡರ್ ಹೋಗಿದೆ' ಎಂದು ಹಿಂದಿರುಗಿಸಲಿಲ್ಲ. ಆರ್ಡರಿನ ಪ್ರತಿ ಕೇಳಿದರೆ ತೋರಿಸಲೂ ಇಲ್ಲ. ರಸೀದಿ ನಮ್ಮ ಬಳಿ ಇದೆ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೇವೆ. ಅಲ್ಲಿ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುತ್ತೇವೆ. 5 ಲಕ್ಷ ರೂಪಾಯಿವರೆಗಿನ ವ್ಯವಹಾರದ ದೂರಿಗೆ ಅಲ್ಲಿ ಶುಲ್ಕವಿಲ್ಲ. ನಿಮಗೂ ಹೀಗಾಗಿದ್ದರೆ ರಸೀದಿಯನ್ನು ಎಸೆಯಬೇಡಿ.