ಶ್ಯೋಲೆನೆನ್ ಕಮರಿ: ಹತ್ತಲು ಕಾಲು, ಇಳಿಯಲು ರೈಲು

ಸ್ವಿಟ್ಜರ್ಲೆಂಡಿನ ಊರಿ ಪ್ರಾಂತ್ಯದಲ್ಲಿ ರಾಯ್ಸ್ ನದಿ ಕೊರೆದಿರುವ ಶ್ಯೋಲೆನೆನ್ ಕಮರಿಯನ್ನು ಹೆಚ್ಚಿನವರು ನೋಡುವುದು ರೈಲಿನ ಕಿಟಕಿಯಿಂದ. ಗ್ಯೋಶೆನೆನ್‌ನಲ್ಲಿ ಮುಖ್ಯ ಮಾರ್ಗದ ರೈಲಿನಿಂದ ಇಳಿದು, ಪಕ್ಕದಲ್ಲೇ ನಿಂತಿರುವ ಕೆಂಪು ಮೀಟರ್‌ಗೇಜ್ ಗಾಡಿ ಹತ್ತಿದರೆ ಹದಿನೈದು ನಿಮಿಷದೊಳಗೆ ಆಂಡರ್‌ಮಾಟ್. 1917ರಲ್ಲಿ ಶುರುವಾದ ಈ ಮಾರ್ಗದ ಉದ್ದ ನಾಲ್ಕು ಕಿಲೋಮೀಟರಿಗೂ ಕಡಿಮೆ. ಆದರೆ ಏರು ಸಾವಿರ ಮೀಟರಿಗೆ 179 ಮೀಟರ್. ಬರೀ ಚಕ್ರದ ಹಿಡಿತ ಇಷ್ಟು ಕಡಿದಾದ ಏರಿಗೆ ಸಾಲದು. ಅದಕ್ಕೇ ಹಳಿಗಳ ನಡುವೆ ಹಲ್ಲುಕಂಬಿ ಇದೆ, ಎಂಜಿನ್ನಿನ ಹಲ್ಲುಚಕ್ರ ಅದನ್ನು ಕಚ್ಚಿಕೊಂಡು ಹತ್ತುತ್ತದೆ. ಸಾರಿಗೆಯಾಗಿ ಇದಕ್ಕೆ ಪೂರ್ತಿ ಅಂಕ. ಕಮರಿ ತೋರಿಸುವ ಕೆಲಸಕ್ಕೆ ಅರ್ಧ ಅಂಕ ಕೊಟ್ಟರೂ ಉದಾರವೇ. ಹಿಮಕುಸಿತ ತಡೆಯುವ ಮಾಡುಗಳು, ಸುರಂಗಗಳು ದಾರಿಯ ಬಹುಪಾಲನ್ನು ನುಂಗುತ್ತವೆ. ನದಿಯ ಮೇಲಿನ ಹೆಸರಾಂತ ಸೈತಾನನ ಸೇತುವೆ ಕಂಡಿತು ಎನ್ನುವಷ್ಟರಲ್ಲಿ ಮತ್ತೆ ಕತ್ತಲು.

ಹಾಗಾಗಿ ಹತ್ತುವಾಗ ನಡೆಯಿರಿ, ಇಳಿಯುವಾಗ ರೈಲು ಹಿಡಿಯಿರಿ. ಹಳದಿ ಫಲಕಗಳ ಕಾಲುಹಾದಿ ಸುಮಾರು 1,106 ಮೀಟರ್ ಎತ್ತರದ ಗ್ಯೋಶೆನೆನ್‌ನಿಂದ 1,436 ಮೀಟರಿನ ಆಂಡರ್‌ಮಾಟ್‌ಗೆ ಏರುತ್ತದೆ. ನಿಂತು ನೋಡುತ್ತಾ ಹೋದರೆ ಎರಡು ಗಂಟೆ. ಕೆಳಗಿನಿಂದ ಹೋದರೆ ಗೋಡೆಗಳು ಹತ್ತಿರವಾಗುತ್ತಾ ಬಂದು, ಇಲ್ಲಿ ದಾರಿ ಮಾಡುವುದು ಯಾಕೆ ಅಷ್ಟು ಕಷ್ಟವಾಯಿತು ಎಂಬುದು ಯಾರೂ ಹೇಳದೆಯೇ ತಿಳಿಯುತ್ತದೆ. ಮೊದಲು ಸಿಗುವ ಹೇಡರ್ಲಿ ಕಮಾನು ಸೇತುವೆ ಹಳೆಯದರಂತೆ ಕಂಡರೂ, ಮೂಲ ಸೇತುವೆ 1987ರ ಪ್ರವಾಹದಲ್ಲಿ ಕೊಚ್ಚಿಹೋಗಿ ಮತ್ತೆ ಕಟ್ಟಿದ್ದು.

ಇಕ್ಕೆಲದ ಗೋಡೆ ‘ಆರೆ’ ಎಂಬ ಹೆಸರಿನ ಗ್ರಾನೈಟ್, ವಯಸ್ಸು ಸುಮಾರು 30 ಕೋಟಿ ವರ್ಷ. ಮೇಲೆ ಆಂಡರ್‌ಮಾಟ್ ಇರುವ ಉರ್ಸೆರೆನ್ ಕಣಿವೆಯ ಬಂಡೆ ಅದಕ್ಕಿಂತ ಮೆದು, ಹಿಮನದಿ ಅದನ್ನು ಸಲೀಸಾಗಿ ತೋಡಿ ಅಗಲ ಮಾಡಿತು. ಗ್ರಾನೈಟ್ ಹಾಗೆ ಬಗ್ಗಲಿಲ್ಲ. ಅಗಲಿಸಲು ಆಗದ ನೀರು ಬಿರುಕುಗಳನ್ನೇ ಹಿಡಿದು ಆಳಕ್ಕೆ ಇಳಿಯಿತು. ಆಂಡರ್‌ಮಾಟ್‌ನ ಚಪ್ಪಟೆ ಹುಲ್ಲುಗಾವಲು ಒಮ್ಮೆಲೇ ಮುಗಿದು ಕಮರಿ ಬಾಯಿ ತೆರೆಯುವುದು ಇದೇ ಕಾರಣಕ್ಕೆ. ಆ ಬಿರುಕುಗಳಲ್ಲಿ ನೀರು ಹೆಪ್ಪುಗಟ್ಟಿ ಕರಗುವಾಗ ಕಲ್ಲು ಕಳಚುವುದು ಇವತ್ತಿಗೂ ನಿಂತಿಲ್ಲ. ದಾರಿ ಮುಚ್ಚಿದೆ ಎಂಬ ಫಲಕವಿದ್ದರೆ ಪಕ್ಕದಿಂದ ನುಸುಳಬೇಡಿ.

ಕತೆಗೆ ಬಂದರೆ, ಊರಿಯ ಜನ ಸೇತುವೆ ಕಟ್ಟಲಾಗದೆ ಸೋತು, ಸೈತಾನನೇ ಕಟ್ಟಲಿ ಎಂದರಂತೆ. ಮೊದಲು ದಾಟುವ ಜೀವ ತನಗೆ ಎಂಬ ಕರಾರಿನ ಮೇಲೆ ಅವನು ಕಟ್ಟಿಯೇಬಿಟ್ಟ. ಇವರು ದಾಟಿಸಿದ್ದು ಒಂದು ಹೋತವನ್ನು! ಸಿಟ್ಟಿಗೆದ್ದ ಸೈತಾನ ಸೇತುವೆ ಪುಡಿ ಮಾಡಲು ಬಂಡೆ ಹೊತ್ತು ತಂದರೆ, ದಾರಿಯಲ್ಲಿ ಸಿಕ್ಕ ಮುದುಕಿಯೊಬ್ಬಳು ಅದರ ಮೇಲೆ ಶಿಲುಬೆ ಗೀಚಿದಳು. ಬಂಡೆ ಅಲ್ಲೇ ಬಿತ್ತು. ಸೇತುವೆಯ ಬಳಿ ಬಂಡೆಗೋಡೆಯ ಮೇಲೆ ಹೈನ್ರಿಖ್ ಡಾನಿಯೋಟ್ 1950ರಲ್ಲಿ ಬರೆದ ಕೆಂಪು ಸೈತಾನ, ಪಕ್ಕದಲ್ಲಿ ಹೋತ, ಎರಡೂ ಇವೆ.

ಕತೆ ಚೆನ್ನಾಗಿದೆ, ಅಂಟಿಕೊಂಡಿದ್ದು ಮಾತ್ರ ತಪ್ಪು ಜಾಗಕ್ಕೆ. ನದಿಯ ಮೇಲೆ ಕಮಾನು ಹಾಕುವುದಕ್ಕಿಂತ ದೊಡ್ಡ ಕಷ್ಟ ಸ್ವಲ್ಪ ಮೇಲಿತ್ತು. ಅಲ್ಲಿ ಬಂಡೆ ನೇರ ನೀರಿಗೆ ಇಳಿಯುತ್ತದೆ, ಕಾಲಿಡಲು ದಡವೇ ಇಲ್ಲ. ಸುಮಾರು 1220ರ ದಶಕದಲ್ಲಿ ಬಂಡೆಯ ಮಗ್ಗುಲಿಗೆ ಹಲಗೆದಾರಿ ಕಟ್ಟಿದ ಮೇಲೆಯೇ, ಆಲ್ಪ್ಸ್ ದಾಟಿ ಇಟಲಿಯ ಕಡೆ ಹೋಗುವ ಗೋಟ್‌ಹಾರ್ಡ್ ಕಣಿವೆದಾರಿಯಲ್ಲಿ ಹೇಸರಗತ್ತೆಗಳ ಸಾಲು ಓಡಾಡತೊಡಗಿದ್ದು. ತ್ವೆರೆನ್ ಸೇತುವೆ ಎಂಬ ಈ ಹಲಗೆದಾರಿಯನ್ನು ಪ್ರವಾಹ ಮತ್ತೆ ಮತ್ತೆ ಕಿತ್ತುಕೊಂಡು ಹೋಗುತ್ತಿತ್ತು. ಕೊನೆಗೆ ಪಿಯೆತ್ರೊ ಮೊರೆತ್ತೀನಿ 1707–08ರಲ್ಲಿ ಬಂಡೆಯನ್ನೇ 64 ಮೀಟರ್ ಕೊರೆದರು. ಅದೇ ಉರ್ನರ್‌ಲೋಖ್, ಆಲ್ಪ್ಸ್‌ನ ಮೊದಲ ರಸ್ತೆ ಸುರಂಗ. ಆಮೇಲೆ ಅಗಲಗೊಂಡ ಇದರಲ್ಲಿ ಈಗ ವಾಹನಗಳೇ ಓಡಾಡುವುದರಿಂದ ಯಾರೂ ನಿಂತು ನೋಡುವುದಿಲ್ಲ. ಫೋಟೊ ಎಲ್ಲ ಕೆಳಗಿನ ಸೇತುವೆಗೆ.

ಅಲ್ಲೂ ಒಂದಲ್ಲ, ಹಲವು ಸೇತುವೆಗಳಿವೆ, ಗೊಂದಲ ಬೇಡ. 1595ರ ಕಲ್ಲಿನ ಸೇತುವೆ 1888ರಲ್ಲಿ ಕುಸಿಯಿತು. ನೀವು ನಡೆಯುವುದು 1830ರದ್ದರ ಮೇಲೆ, ಕಾರುಗಳು ಹೋಗುವುದು 1958ರದ್ದರ ಮೇಲೆ. ಪಕ್ಕದ ಬಂಡೆಯಲ್ಲಿ ಕೆತ್ತಿದ 12 ಮೀಟರಿನ ಶಿಲುಬೆ, 1799ರ ಸೆಪ್ಟೆಂಬರಿನಲ್ಲಿ ಸುವೊರೊವ್‌ನ ರಷ್ಯನ್ ಸೇನೆ ಫ್ರೆಂಚರೊಡನೆ ಇಲ್ಲಿ ಕಾದಿದ್ದರ ನೆನಪಿಗೆ.

ಕೊರತೆಗಳೂ ಇವೆ. ಬೇಸಿಗೆಯಲ್ಲಿ ಮೋಟಾರ್‌ಸೈಕಲ್‌ಗಳ ಸದ್ದು ನದಿಯ ಸದ್ದನ್ನು ಮೀರಿಸುತ್ತದೆ. ವಿದ್ಯುತ್ ಉತ್ಪಾದನೆಗೆ ನೀರು ತಿರುಗಿಸಿಕೊಳ್ಳುವುದರಿಂದ ಹಳೆಯ ಚಿತ್ರಗಳಲ್ಲಿನ ಭೋರ್ಗರೆತ ಎಲ್ಲ ದಿನ ಇರುವುದಿಲ್ಲ, ಹಿಮ ಕರಗುವ ಜೂನ್ ಹೊತ್ತಿಗೆ ಹೋದರೆ ಸಿಗುವ ಸಾಧ್ಯತೆ ಹೆಚ್ಚು. ಕಮರಿ ದಕ್ಷಿಣೋತ್ತರವಾಗಿರುವುದರಿಂದ ತಳಕ್ಕೆ ಬಿಸಿಲು ಬೀಳುವುದು ನಡುಮಧ್ಯಾಹ್ನದ ಆಸುಪಾಸಿನಲ್ಲಿ. ಸೇತುವೆಯ ಹತ್ತಿರ ತುಂತುರು ಬಿದ್ದು ಕಲ್ಲು ಜಾರುತ್ತದೆ, ಸವೆದ ಅಟ್ಟೆಯ ಶೂ ಆಗದು. ಚಳಿಗಾಲದಲ್ಲಿ ಹಿಮಕುಸಿತದ ಭಯ, ಆಗ ರೈಲೇ ಗತಿ. ಸ್ವಿಸ್ ಟ್ರಾವೆಲ್ ಪಾಸ್ ಇದ್ದರೆ ಅದಕ್ಕೆ ಬೇರೆ ಟಿಕೆಟ್ ಬೇಕಿಲ್ಲ.

ಸೈತಾನ ಬೀಳಿಸಿದ ಬಂಡೆ ಗ್ಯೋಶೆನೆನ್‌ನ ಹೆದ್ದಾರಿ ಪಕ್ಕದಲ್ಲಿದೆ. 1970ರ ದಶಕದಲ್ಲಿ ಹೆದ್ದಾರಿಗೆ ಅಡ್ಡ ಬಂದಾಗ ಒಡೆಯುವ ಬದಲು ಸುಮಾರು ಮೂರು ಲಕ್ಷ ಫ್ರಾಂಕ್ ಖರ್ಚು ಮಾಡಿ 127 ಮೀಟರ್ ಸರಿಸಿದರು. ಕಾರಿನಲ್ಲಿ ಬರುವವರಿಗೆ ಗೋಟ್‌ಹಾರ್ಡ್ ಹೆದ್ದಾರಿ ಸುರಂಗಕ್ಕೆ ಮೊದಲು ಕಣ್ಣಿಗೆ ಬೀಳುತ್ತದೆ. ನಡೆದು ಬಂದವರು ಅದಕ್ಕೆಂದೇ ಸುತ್ತುಹಾಕುವ ಅಗತ್ಯವಿಲ್ಲ.